ನೆಲವಿಲ್ಲದ ಹೆಸರು, ದನಿಯಿಲ್ಲದ ತೊಟ್ಟಿಲು

ಹೊರನಾಡ ಕನ್ನಡಿಗರ ಸಭೆಗಳಲ್ಲಿ ವರ್ಷಂಪ್ರತಿ ನವೆಂಬರ್ ತಿಂಗಳು ಬಂತೆಂದರೆ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: ನಮ್ಮ ಮುಂದಿನ ಪೀಳಿಗೆ ಕನ್ನಡವನ್ನು ಉಳಿಸಿಕೊಳ್ಳುವುದೇ? ಉತ್ತರವಾಗಿ ಶಾಲೆ, ಪಠ್ಯಪುಸ್ತಕ, ಅನುದಾನ, ಎರಡೂ ರಾಜ್ಯಗಳ ಸರ್ಕಾರಗಳ ಉದಾಸೀನ ಎಲ್ಲವೂ ಚರ್ಚೆಗೆ ಬರುತ್ತವೆ. ಬರಲಿ. ಆದರೆ ಮಗು ಶಾಲೆಯ ಮೆಟ್ಟಿಲು ಹತ್ತುವುದಕ್ಕೆ ವರ್ಷಗಳ ಮೊದಲು, ಹುಟ್ಟುವುದಕ್ಕೂ ಮೊದಲು, ನಮ್ಮದೇ ಮನೆಯ ಒಂದು ಕೋಣೆಯಲ್ಲಿ, ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲದ ಎರಡು ನಿರ್ಣಯಗಳನ್ನು ನಾವು ಕೈಗೊಳ್ಳುತ್ತೇವೆ. ಮಗುವಿಗೆ ಯಾವ ಹೆಸರು ಇಡಬೇಕು ಎಂಬುದು ಮೊದಲನೆಯದು. ಅದು ಕಣ್ಣು ಬಿಡುವ ಕೋಣೆಯಲ್ಲಿ ಏನಿರಬೇಕು ಎಂಬುದು ಎರಡನೆಯದು. ಈ ಎರಡರಲ್ಲಿಯೂ ನಾವು ಸೋಲುತ್ತಿದ್ದೇವೆ, ಯಾರೂ ನಮ್ಮ ಮೇಲೆ ಯುದ್ಧ ಸಾರದಿದ್ದರೂ ಸೋಲುತ್ತಿದ್ದೇವೆ ಎಂಬುದು ಈ ಲೇಖನದ ಆಪಾದನೆ.

ಹೈದರಾಬಾದಿನ ಕೊಂಡಾಪುರ, ಗಚ್ಚಿಬೌಲಿ, ಮಾಧಾಪುರಗಳ ಬಹುಮಹಡಿ ಮನೆಗಳಲ್ಲಿ ಇಂದು ಸಾವಿರಾರು ಕನ್ನಡ ದಂಪತಿಗಳಿದ್ದಾರೆ. ಬಸಿರಿಗೆ ಏಳು ತಿಂಗಳಾದಾಗ ಕುಬಸದ ಆರತಿ ನಡೆಯುತ್ತದೆ, ಸಂತೋಷ. ಅಷ್ಟರಲ್ಲಿ ಒಂದು ಕೋಣೆಗೆ ತಿಳಿನೀಲಿ ಬಣ್ಣ ಬಳಿದಿರುತ್ತದೆ. ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರಮಾಲೆ, ಜಿರಾಫೆ, ಕಾಮನಬಿಲ್ಲು. ಮೊಬೈಲಿನಲ್ಲಿ ಹೆಸರುಗಳ ಪಟ್ಟಿ. ಆ ಪಟ್ಟಿಯಿಂದ ಆರಿಸುವ ಮಾನದಂಡಗಳನ್ನು ಕೇಳಿದ್ದೇನೆ. ಬಹುತೇಕ ಎಲ್ಲ ಮನೆಗಳಲ್ಲಿಯೂ ಅವು ಒಂದೇ. ಹೆಸರು ಎರಡು ಅಕ್ಷರಗಳಲ್ಲಿ ಮುಗಿಯಬೇಕು. ಎಲ್ಲರ ನಾಲಗೆಗೂ ಸುಲಭವಾಗಿರಬೇಕು. ತರಗತಿಯಲ್ಲಿ ಬೇರೆ ಯಾರಿಗೂ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೆಸರು ಕೇಳಿದವರಿಗೆ ಮಗು ಯಾವ ಕಡೆಯದೆಂದು ತಿಳಿಯಬಾರದು. ಈ ಕೊನೆಯ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಆಯ್ಕೆಯಾದ ಹೆಸರೇ ಅದನ್ನು ಸಾರಿ ಹೇಳುತ್ತದೆ.

ಈ ಪಟ್ಟಿಗಳ ಪ್ರಾಮಾಣಿಕತೆ ಎಷ್ಟೆಂಬುದನ್ನು ಪರೀಕ್ಷಿಸೋಣ. 'ಆರವ್' ಎಂದರೆ ಶಾಂತ ಸ್ವಭಾವದವನು ಎಂದು ಬಹಳಷ್ಟು ಪಟ್ಟಿಗಳು ಹೇಳುತ್ತವೆ. ಸಂಸ್ಕೃತ ನಿಘಂಟನ್ನು ತೆರೆದು ನೋಡಿದರೆ 'ಆರವ' ಎಂದರೆ ಕೂಗು, ಗದ್ದಲ. ಹಸುಗೂಸಿನ ರಾತ್ರಿಯ ಅಳುವನ್ನು ನೆನೆದರೆ ನಿಘಂಟಿನ ಅರ್ಥವೇ ಹೆಚ್ಚು ಸೂಕ್ತವೆನ್ನಬಹುದು! 'ಮೈರಾ' ಸಂಸ್ಕೃತ ಮೂಲದ್ದೆಂದೂ ಪ್ರಿಯೆ ಎಂಬ ಅರ್ಥದ್ದೆಂದೂ ಹೇಳುತ್ತಾರೆ. ಅದು 16ನೇ ಶತಮಾನದ ಇಂಗ್ಲಿಷ್ ಕವಿ ಫುಲ್ಕ್ ಗ್ರೆವಿಲ್ ತನ್ನ ಪ್ರೇಮಕವಿತೆಗಳಿಗಾಗಿ ಕಟ್ಟಿದ ಹೆಸರೆಂಬುದು ಇಂಗ್ಲಿಷ್ ನಾಮಕೋಶಗಳ ಮಾತು. ಈ ಹೆಸರು ಹೊತ್ತ ಮಕ್ಕಳನ್ನು ನಾನು ಹಳಿಯುತ್ತಿಲ್ಲ. ಯಾವ ಮಗುವೂ ತನ್ನ ಹೆಸರನ್ನು ತಾನೇ ಆರಿಸಿಕೊಂಡಿರುವುದಿಲ್ಲ. ಪದವಿಗಳ ಮೇಲೆ ಪದವಿ ಪಡೆದ ತಂದೆತಾಯಿಗಳು ಒಂದು ಬೀರು ಕೊಳ್ಳುವಾಗ ಮಾಡುವಷ್ಟು ವಿಚಾರಣೆಯನ್ನೂ ಹೆಸರಿನ ಬಗ್ಗೆ ಮಾಡುವುದಿಲ್ಲ ಎಂಬುದಷ್ಟೇ ನನ್ನ ದೂರು.

ನಾವು ಬಿಟ್ಟುಕೊಡುತ್ತಿರುವುದೇನು ಎಂಬುದನ್ನು ಅರಿತರೆ ನಷ್ಟದ ಪ್ರಮಾಣ ತಿಳಿದೀತು. ಕರ್ನಾಟಕದ ಭೂಪಟವನ್ನು ಬದಿಗಿಟ್ಟು, ಕೇವಲ ನಮ್ಮ ಅಜ್ಜ ಅಜ್ಜಿಯರ ಹೆಸರುಗಳಿಂದಲೇ ಅದನ್ನು ಪುನಃ ಬರೆಯಬಹುದು. ಶರಣಬಸಪ್ಪ ಎಂದರೆ ಕಲಬುರಗಿ. ಮಾಣಿಕಪ್ಪ ಎಂದರೆ ಹುಮನಾಬಾದಿನ ಮಾಣಿಕನಗರ. ಹುಲಿಗೆಮ್ಮ ಎಂದರೆ ತುಂಗಭದ್ರೆಯ ದಡದ ಹುಲಿಗಿ. ಕೊಟ್ರಪ್ಪ ಕೊಟ್ಟೂರಿನವನು, ಯಲ್ಲವ್ವ ಸವದತ್ತಿಯ ಗುಡ್ಡದವಳು, ನಂಜಮ್ಮ ನಂಜನಗೂಡಿನವಳು, ಮಾದಪ್ಪ ಮಲೆ ಮಹದೇಶ್ವರ ಬೆಟ್ಟದವನು. ಹೆಸರು ಹೊತ್ತವನು ಆ ಊರಿನಲ್ಲಿಯೇ ಹುಟ್ಟಿರಬೇಕೆಂದಿಲ್ಲ. ಅವನ ಮನೆತನ ಯಾವ ದಾರಿಯಲ್ಲಿ ನಡೆದು, ಯಾವ ಗುಡಿಯ ಮುಂದೆ ಹರಕೆ ಹೊತ್ತಿತ್ತು ಎಂಬ ದಾಖಲೆ ಆ ಹೆಸರಿನಲ್ಲಿ ಉಳಿದಿರುತ್ತದೆ. ಈ ದಾಖಲೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಉತ್ತರ ಕರ್ನಾಟಕದ ಹಳ್ಳಿಗಳ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ ಎಂಬ ಹೆಸರುಗಳು ಇಂದಿಗೂ ಇವೆ. ದರ್ಗಾದಲ್ಲಿ ಬೇಡಿಕೊಂಡ ತಾಯಿ, ಮೊಹರಂ ಅಲಾಯಿಯ ಮುಂದೆ ಹರಕೆ ಹೊತ್ತ ತಂದೆ ಇಟ್ಟ ಹೆಸರುಗಳು ಅವು. ಒಂದು ನಾಡಿನ ಸಹಬಾಳ್ವೆಗೆ ಇದಕ್ಕಿಂತ ನಿರಾಡಂಬರವಾದ ಸಾಕ್ಷ್ಯ ಬೇಕೇ? ನೂರು ಭಾಷಣಗಳು ಹೇಳಲಾರದ ಇತಿಹಾಸವನ್ನು ಹೇಳುವ ಹೆಸರನ್ನು ಹಳೆಯ ಕಾಲದ್ದೆಂದು ಒಂದೇ ಪೀಳಿಗೆಯಲ್ಲಿ ಅಳಿಸಿಹಾಕುತ್ತಿದ್ದೇವೆ.

ಇನ್ನೂ ಹಿಂದಕ್ಕೆ ಹೋಗೋಣ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ಬಳೆಗಾರರ ಕುಲದಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನ ತನ್ನನ್ನು ಪೊರೆದ ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆಯರ ನೆನಪಿಗೆ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಸಾವಿರ ವರ್ಷಗಳ ಹಿಂದೆ ಒಬ್ಬ ತಂದೆ ಹೆಸರಿಡುವುದನ್ನು ಕೃತಜ್ಞತೆಯ ಕಾರ್ಯವೆಂದು ಭಾವಿಸಿದನು. ಇದು ನಮ್ಮ ಪರಂಪರೆ. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಇಂದು ಇದೇ ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ, ಕನ್ನಡ ತೆಲುಗು ಸಂಸ್ಕೃತ ಮೂರೂ ಇರುವ ಕುರ್ಕ್ಯಾಲದ ಶಾಸನ ಕರೀಂನಗರದ ಸೀಮೆಯಲ್ಲಿದೆ. ಹಾಗಿರುವಾಗ ಈ ನೆಲದಲ್ಲಿ ಕನ್ನಡದ ಹೆಸರು ಹಿಡಿದು ಮಗುವನ್ನು ಕರೆಯಲು ನಾವು ನಾಚಬೇಕೇ?

ಇಲ್ಲಿ ಪ್ರಾಮಾಣಿಕವಾದ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಹಳೆಯ ಹೆಸರುಗಳಲ್ಲಿ ಕ್ರೌರ್ಯವೂ ಇದೆಯಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಮನುಸ್ಮೃತಿಯ ಎರಡನೆಯ ಅಧ್ಯಾಯ ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸುವಂತಿರಲಿ ಎಂದು ವಿಧಿಸುತ್ತದೆ. ಹೆಣ್ಣು ಮಕ್ಕಳು ಇನ್ನು ಸಾಕು ಎಂಬ ಬೇಸರದಿಂದ 'ಸಾಕವ್ವ' ಎಂದು ಹೆಸರಿಟ್ಟ ಮನೆಗಳ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ಬೇಡವಾದವಳು' ಎಂಬ ಅರ್ಥದ ನಕುಸಾ ಎಂಬ ಹೆಸರು ಹೊತ್ತಿದ್ದ 200ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ 2011ರಲ್ಲಿ ಸಮಾರಂಭ ನಡೆಸಿ ಹೊಸ ಹೆಸರು ಕೊಡಲಾಯಿತು. ಅದು ನ್ಯಾಯವಾದ ಕೆಲಸ. ಅಪಮಾನದ ಹೆಸರನ್ನು ಕಿತ್ತೊಗೆಯುವ ಹಕ್ಕು ಎಲ್ಲರಿಗೂ ಇದೆ, ಕಿತ್ತೊಗೆಯಲೇಬೇಕು. ಆದರೆ ಶರಣಬಸಪ್ಪನೆಂಬುದು ಅಪಮಾನವಲ್ಲ, ಹುಲಿಗೆಮ್ಮ ಎಂಬುದು ಅಪಮಾನವಲ್ಲ. ಅವು ನಮ್ಮ ಕಿವಿಗೆ ಒರಟೆನಿಸುತ್ತಿದ್ದರೆ ದೋಷವಿರುವುದು ಹೆಸರಿನಲ್ಲಲ್ಲ, ನಗರದಲ್ಲಿ ನಾವು ಕಲಿತ ಕೀಳರಿಮೆಯಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಐ.ಎ.ಎಸ್. ಅಧಿಕಾರಿಯಾದ ಕಾವ್ಯಾನಂದರ ಹೆಸರು ಸಿದ್ದಯ್ಯ ಪುರಾಣಿಕ. ಸಿದ್ದಯ್ಯನೆಂಬ ಹೆಸರು ಅವರ ಯಾವ ಬಡ್ತಿಗೂ ಅಡ್ಡಬಂದಂತೆ ಕಾಣುವುದಿಲ್ಲ.

ಹಾಗೆಂದ ಮಾತ್ರಕ್ಕೆ ಎಲ್ಲರೂ ಅಜ್ಜನ ಹೆಸರನ್ನೇ ಯಥಾವತ್ತಾಗಿ ಇಡಬೇಕೆಂಬ ಹಟ ನನ್ನದಲ್ಲ. ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟರು. ಅವರ ವಂಶದಲ್ಲಿ ಅಂಥ ಹೆಸರುಗಳು ಹಿಂದೆ ಇರಲಿಲ್ಲ. ಆದರೆ ಅದೇ ಕವಿ ಲೋಕಕ್ಕೆ ಪರಿಚಿತರಾದದ್ದು ಯಾವ ಹೆಸರಿನಿಂದ? ಕುಪ್ಪಳಿ ಎಂಬ ಊರು, ವೆಂಕಟಪ್ಪ ಎಂಬ ತಂದೆ, ಪುಟ್ಟಪ್ಪ ಎಂಬ ತಾವು, ಈ ಮೂರೂ ಸೇರಿ ಕುವೆಂಪು. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು ತರಾಸು ಆದರು. ತೀರ್ಥಪುರದ ನಂಜುಂಡಯ್ಯನವರ ಮಗ ಶ್ರೀಕಂಠಯ್ಯ ತೀನಂಶ್ರೀ ಆದರು. ಈ ಕ್ರಮ ಒಂದು ಮತಕ್ಕೆ ಸೇರಿದ್ದೂ ಅಲ್ಲ: ಕೆ.ಎಸ್. ನಿಸಾರ್ ಅಹಮದ್ ಎಂಬಲ್ಲಿನ ಮೊದಲ ಅಕ್ಷರ ಕೊಕ್ಕರೆಹೊಸಹಳ್ಳಿ, ಎರಡನೆಯದು ತಂದೆ ಶೇಖ್ ಹೈದರ್. ಊರು, ಹೆತ್ತವರು, ತಾನು: ಇದು ಕನ್ನಡಿಗರು ತಮ್ಮ ಮಕ್ಕಳಿಗೆ ಕೊಟ್ಟ ವಿಳಾಸ. ಮುಖ್ಯ ಹೆಸರು ಹೊಸದಿರಲಿ, ಹಳೆಯದಿರಲಿ, ವಿಳಾಸ ಮಾತ್ರ ಅಳಿಯಬಾರದು.

ಆ ವಿಳಾಸ ಅಳಿಯುತ್ತಿರುವುದು ಅರ್ಜಿ ನಮೂನೆಗಳ ದೆಸೆಯಿಂದ ಎಂಬ ಸಬೂಬನ್ನು ನಾನು ಬಲ್ಲೆ. ಮೂರು ದಶಕಗಳಿಂದ ಕೇಂದ್ರ ಸರ್ಕಾರದ ಕಡತಗಳ ನಡುವೆ ಬದುಕಿದವನಿಗೆ ನಮೂನೆಗಳ ಸ್ವಭಾವ ಹೊಸದಲ್ಲ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಕಲಂ ಖಾಲಿ ಬಿಟ್ಟರೆ ತೊಂದರೆಯುಂಟು. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಹೆಸರು ತಿಳಿಯದು ಎಂಬ ಮೂರಕ್ಷರ ಬೀಳುತ್ತದೆ. ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ಸಾರಿತು. ತಂದೆತಾಯಿಗಳ ಅಂಜಿಕೆ ನಿರಾಧಾರವಲ್ಲ. ಆದರೆ ಇದಕ್ಕೆ ಉತ್ತರವಾಗಿ ನಾವು ಮಾಡುತ್ತಿರುವುದೇನು? ಕೆಲವರು ತಂದೆಯ ಹೆಸರನ್ನೇ ಕುಲನಾಮವಾಗಿಸುತ್ತಾರೆ. ಇನ್ನು ಕೆಲವರು ಎಂದೂ ಬಳಸದಿದ್ದ ಜಾತಿಸೂಚಕವನ್ನು ಹುಡುಕಿ ತಂದು ಅಂಟಿಸುತ್ತಾರೆ. ಜಾತಿಯನ್ನು ಮನೆಯ ಹೊರಗೆ ಬಿಟ್ಟು ಬಂದೆವೆನ್ನುವವರೇ ಮಗುವಿನ ಪಾಸ್‌ಪೋರ್ಟಿನಲ್ಲಿ ಅದನ್ನು ಒಳಗೆ ಕರೆದುಕೊಳ್ಳುವುದು ಎಂಥ ವಿಪರ್ಯಾಸ! ಆ ಕಲಮಿನಲ್ಲಿ ನಿಮ್ಮ ಊರಿನ ಹೆಸರನ್ನು ಪೂರ್ಣವಾಗಿ ಬರೆಯಿರಿ. ಊರಿನ ಹೆಸರು ಜಾತಿ ಹೇಳುವುದಿಲ್ಲ. ಒಂದೇ ಊರಿನ ಎಲ್ಲ ಕೇರಿಗಳ ಮಕ್ಕಳೂ ಅದನ್ನು ಹಂಚಿಕೊಳ್ಳಬಹುದು. ದೇವನೂರ ಮಹಾದೇವ ಎನ್ನುವಾಗ ನಾವು ಒಂದು ಊರಿಗೂ ಗೌರವ ಸಲ್ಲಿಸುತ್ತೇವೆ. ಆ ಊರು ತಂದೆಯದೇ ಆಗಬೇಕೆಂಬ ನಿಯಮವೂ ಇಲ್ಲ, ತಾಯಿಯ ತವರೂ ಆಗಬಹುದು.

ಕಾನೂನು ಈ ವಿಷಯದಲ್ಲಿ ನಮಗಿಂತ ಉದಾರವಾಗಿದೆ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಜನನವನ್ನು 21 ದಿನಗಳೊಳಗೆ ವರದಿ ಮಾಡಬೇಕು. ಆದರೆ ಹೆಸರಿಲ್ಲದೆಯೂ ನೋಂದಣಿ ಸಾಧ್ಯ. ಅನಂತರ 12 ತಿಂಗಳವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು; ತಡಶುಲ್ಕ ಕೊಟ್ಟರೆ 15 ವರ್ಷಗಳವರೆಗೂ ಅವಕಾಶವಿದೆ. ಆಸ್ಪತ್ರೆಯ ಗುಮಾಸ್ತೆ ಅವಸರಪಡಿಸಿದನೆಂದು ಮೊಬೈಲ್ ನೋಡಿ ಹೆಸರು ಹೇಳುವ ಅಗತ್ಯ ಯಾರಿಗೂ ಇಲ್ಲ. ಇದು ಕ್ಷುಲ್ಲಕ ವಿಷಯವೂ ಅಲ್ಲ. 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಪಾಸ್‌ಪೋರ್ಟ್, ಸರ್ಕಾರಿ ನೌಕರಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಬರೆದದ್ದು ಜೀವನಪರ್ಯಂತ ಉಳಿಯುತ್ತದೆ. ಒಂದು ವರ್ಷದ ಅವಧಿಯಲ್ಲಿ ಊರಿಗೊಮ್ಮೆ ಹೋಗಿ ಅಜ್ಜಿಯನ್ನು ಕೇಳುವುದು ಅಸಾಧ್ಯವೇ? ಬೀದರ ಇಲ್ಲಿಂದ ಮೂರು ಗಂಟೆಯ ದಾರಿ.

ಜ್ಯೋತಿಷ್ಯದ ನೆಪವೂ ಒಂದಿದೆ. ನಕ್ಷತ್ರದ ಪಾದಕ್ಕೆ ಹೊಂದುವ ಅಕ್ಷರದಿಂದಲೇ ಹೆಸರು ಆರಂಭವಾಗಬೇಕಂತೆ. ಆರ್ದ್ರಾ ನಕ್ಷತ್ರದ ಒಂದು ಪಾದಕ್ಕೆ ಙಕಾರ, ಹಸ್ತದ ಒಂದು ಪಾದಕ್ಕೆ ಣಕಾರ. ಆ ಅಕ್ಷರಗಳಿಂದ ಹೆಸರು ಕಟ್ಟುವ ಪಂಡಿತರನ್ನು ಇನ್ನೂ ಕಾಣಬೇಕಾಗಿದೆ! ವಾಸ್ತವದಲ್ಲಿ ನಾಮಕರಣದ ವಿಧಿಯಲ್ಲಿ ಮಾಸನಾಮ, ನಕ್ಷತ್ರನಾಮ, ದೇವತಾನಾಮ, ವ್ಯಾವಹಾರಿಕನಾಮ ಎಂದು ನಾಲ್ಕು ಪ್ರತ್ಯೇಕ ಹೆಸರುಗಳಿವೆ. ನಕ್ಷತ್ರದ್ದು ನಕ್ಷತ್ರಕ್ಕೆ, ವ್ಯವಹಾರದ್ದು ವ್ಯವಹಾರಕ್ಕೆ. ಶಾಸ್ತ್ರವನ್ನು ನಂಬುವವರಾದರೂ ಅದನ್ನು ಪೂರ್ತಿಯಾಗಿ ಓದಬೇಡವೇ? ಇನ್ನು ಇಂಗ್ಲಿಷ್ ಕಾಗುಣಿತಕ್ಕೆ ಎರಡು 'ಎ', ಮೂರು 'ಇ' ಸೇರಿಸಿ ಭಾಗ್ಯ ತಿದ್ದುವ ಸಂಖ್ಯಾಶಾಸ್ತ್ರಿಗಳ ಕುರಿತು ಹೆಚ್ಚು ಬರೆದರೆ ಕಾಗದ ದಂಡ.

ಹೆಸರಿಗಾಗಿ ಲೋಕದ ಇತರ ಜನಾಂಗಗಳು ಏನನ್ನು ಸಹಿಸಿದವು ಎಂಬುದನ್ನು ನೆನೆದರೆ ನಮ್ಮ ಉದಾಸೀನ ಇನ್ನಷ್ಟು ಎದ್ದು ಕಾಣುತ್ತದೆ. ಫ್ರಾನ್ಸಿನಲ್ಲಿ 1803ರ ಒಂದು ಕಾನೂನು ಪಂಚಾಂಗದಲ್ಲಿರುವ ಸಂತರ ಮತ್ತು ಪ್ರಾಚೀನ ಇತಿಹಾಸಪುರುಷರ ಹೆಸರುಗಳನ್ನು ಮಾತ್ರ ಮಕ್ಕಳಿಗೆ ಇಡಲು ಅವಕಾಶ ಕೊಟ್ಟಿತ್ತು. ತಮ್ಮ ಬ್ರೆಟನ್ ಭಾಷೆಯ ಹೆಸರಿಡಲು ಹೊರಟ ತಂದೆತಾಯಿಗಳ ಮಕ್ಕಳಿಗೆ ನೋಂದಣಿಯೇ ನಿರಾಕೃತವಾದ ಪ್ರಸಂಗಗಳುಂಟು. ಆ ನಿರ್ಬಂಧ ಪೂರ್ಣವಾಗಿ ತೊಲಗಿದ್ದು 1993ರಲ್ಲಿ. ಬಲ್ಗೇರಿಯದ ಸರ್ಕಾರ 1984-85ರ ಚಳಿಗಾಲದಲ್ಲಿ ತನ್ನ ಲಕ್ಷಾಂತರ ತುರ್ಕಿ ಪ್ರಜೆಗಳ ಹೆಸರುಗಳನ್ನು ಪೊಲೀಸು ಸೈನ್ಯಗಳ ಬಲದಿಂದ ಬದಲಾಯಿಸಿತು. ಆ ಜನ ಹೋರಾಡಿದರು, ಸೆರೆ ಸೇರಿದರು, ದೇಶ ಬಿಟ್ಟರು. 1989ರ ಬದಲಾವಣೆಯ ನಂತರ ಹೆಸರುಗಳನ್ನು ಮರಳಿ ಪಡೆದರು. ಅಲ್ಲಿ ಬಂದೂಕು ಹಿಡಿದು ಕಿತ್ತುಕೊಂಡದ್ದನ್ನು ಇಲ್ಲಿ ನಾವು ಸೋಫಾದ ಮೇಲೆ ಕುಳಿತು ಬೆರಳತುದಿಯಿಂದ ಬಿಟ್ಟುಕೊಡುತ್ತಿದ್ದೇವೆ.

ಈ ನಗರದ ತೆಲುಗು ಬಾಂಧವರೇ ನಮಗೆ ಪಾಠ ಹೇಳಬಲ್ಲರು. ಅವರು ಇಂಟಿಪೇರನ್ನು, ಅಂದರೆ ಮನೆತನದ ಹೆಸರನ್ನು, ಮೊದಲು ಹೇಳಿ ಆಮೇಲೆ ತಮ್ಮ ಹೆಸರು ಹೇಳುತ್ತಾರೆ. ಸಿಂಗಿರೆಡ್ಡಿ ನಾರಾಯಣ ರೆಡ್ಡಿಯವರು ಸಿನಾರೆ ಎಂದೇ ಮನೆಮಾತಾದ ಕವಿ. ಯಾದಗಿರಿಗುಟ್ಟದ ನರಸಿಂಹನ ನೆನಪಿಗೆ ಯಾದಗಿರಿ ಎಂದೂ ಮೇಡಾರಂ ಜಾತ್ರೆಯ ದೇವಿಯರ ನೆನಪಿಗೆ ಸಮ್ಮಕ್ಕ ಎಂದೂ ತೆಲಂಗಾಣದ ಜನ ಹೆಸರಿಡುತ್ತಾರೆ. ಇಲ್ಲಿಯೇ ಬೇರು ಬಿಟ್ಟ ಕನ್ನಡ ದಂಪತಿ ತಮ್ಮ ಮಗನಿಗೆ ಯಾದಗಿರಿಯೆಂದು ಹೆಸರಿಟ್ಟರೆ ನನಗೆ ಸಂತೋಷವೇ, ಆ ಹೆಸರಿಗೆ ಒಂದು ನೆಲವಿದೆ. ನನ್ನ ತಕರಾರು ತೆಲುಗಿನ ಮೇಲಲ್ಲ, ಸಂಸ್ಕೃತದ ಮೇಲಲ್ಲ, ಉರ್ದುವಿನ ಮೇಲಲ್ಲ. ಎಲ್ಲಿಯೂ ಸಲ್ಲಬೇಕೆಂಬ ಆಸೆಯಿಂದ ಎಲ್ಲಿಯೂ ಸೇರದಂತೆ ತಯಾರಾದ ಹೆಸರಿನ ಮೇಲೆ.

ಈಗ ಕೋಣೆಯ ವಿಷಯಕ್ಕೆ ಬರೋಣ. ಹೆಸರು ಎಷ್ಟೇ ಚಂದವಿರಲಿ, ಅದನ್ನು ಕರೆಯುವ ದನಿ ಕನ್ನಡದ್ದಾಗಿಲ್ಲದಿದ್ದರೆ ಅದು ಪೆಟ್ಟಿಗೆಯಲ್ಲಿಟ್ಟ ತಾಮ್ರಪಟ. ಶಿಶು ಏನೂ ಅರಿಯದೆಂದು ತಿಳಿಯಬಾರದು. ನಾಲ್ಕು ದಿನದ ಕೂಸುಗಳು ತಾಯಿಯ ಫ್ರೆಂಚ್ ಭಾಷೆಯನ್ನೂ ಪರಕೀಯ ರಷ್ಯನ್ ಭಾಷೆಯನ್ನೂ ಬೇರ್ಪಡಿಸಿ ಗುರುತಿಸುವುದನ್ನು ಫ್ರಾನ್ಸಿನ ಸಂಶೋಧಕರು 1988ರಲ್ಲಿ ತೋರಿಸಿದರು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಫ್ರೆಂಚ್ ಮತ್ತು ಜರ್ಮನ್ ಮನೆಗಳ 60 ನವಜಾತ ಶಿಶುಗಳ ಅಳುವನ್ನು ಹೋಲಿಸಲಾಯಿತು. ಫ್ರೆಂಚ್ ಶಿಶುಗಳ ಅಳುವಿನ ರಾಗ ಏರುತ್ತಿತ್ತು, ಜರ್ಮನ್ ಶಿಶುಗಳದು ಇಳಿಯುತ್ತಿತ್ತು, ಅವರವರ ಭಾಷೆಯ ಧಾಟಿಯಂತೆಯೇ. ಗರ್ಭದಲ್ಲಿಯೇ ಕಿವಿ ಕೆಲಸ ಆರಂಭಿಸಿರುತ್ತದೆ. ನಾವು ಮಾತ್ರ ಇನ್ನೂ ಕಣ್ಣೇ ನಿಲ್ಲದ ಕೂಸಿಗಾಗಿ ಗೋಡೆ ಸಿಂಗರಿಸಿ, ಆಗಲೇ ಎಚ್ಚೆತ್ತಿರುವ ಕಿವಿಗೆ ಟೆಲಿವಿಷನ್ನಿನ ಸದ್ದು ತುಂಬುತ್ತಿದ್ದೇವೆ.

ನಮ್ಮ ಹಿರಿಯರ ಬಾಣಂತಿ ಕೋಣೆಯಲ್ಲಿ ಕತ್ತಲೆಯಿತ್ತು, ಹೊಗೆಯಿತ್ತು, ಬಾಣಂತಿಗೆ ನೀರನ್ನೂ ಅಳೆದು ಕೊಡುವ ಅವಿವೇಕವಿತ್ತು. ಅವು ಹೋದದ್ದು ಒಳ್ಳೆಯದೇ. ಆದರೆ ಅಲ್ಲಿ ಧಾರವಾಡ ಸೀಮೆಯ ಕಲಘಟಗಿಯಲ್ಲಿ ಅರಗಿನ ಬಣ್ಣ ಹಚ್ಚಿ ಪುರಾಣದ ಚಿತ್ರ ಬರೆದ ಮರದ ತೊಟ್ಟಿಲಿತ್ತು. ಅಜ್ಜಿಯ ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿ ಇತ್ತು. ಕಿವಿಯಲ್ಲಿ ಹೆಸರು ಉಸುರುವ ಸೋದರತ್ತೆ ಇದ್ದಳು. ಎಲ್ಲಕ್ಕಿಂತ ಮಿಗಿಲಾಗಿ ರಾತ್ರಿಯೆಲ್ಲ ಜೋಗುಳದ ದನಿ ಇತ್ತು. ಕಲಘಟಗಿಯ ತೊಟ್ಟಿಲು ದುಬಾರಿ, ಎಲ್ಲರಿಗೂ ಎಟುಕದು, ಎಟುಕಲೇಬೇಕೆಂದಿಲ್ಲ. ಜೋಗುಳಕ್ಕೆ ಏನು ಬೆಲೆ? ಚನ್ನಪಟ್ಟಣದ ಗಿಲಕಿಗೆ ಎಷ್ಟು ಬೆಲೆ? ಆಮದಾದ ಮಂಚಕ್ಕೂ ಕ್ಯಾಮೆರಾಕ್ಕೂ ಸಾವಿರಾರು ರೂಪಾಯಿ ಸುರಿಯುವ ಮನೆಯಲ್ಲಿ ಒಂದು ಜೋಗುಳ ಬಾಯಿಗೆ ಬರುವ ತಾಯಿ ತಂದೆ ಇಲ್ಲವೆಂದರೆ, ಆ ಬಡತನವನ್ನು ಯಾವ ಆದಾಯದ ಪತ್ರವೂ ತೋರಿಸುವುದಿಲ್ಲ. ಊರಿನಿಂದ ಬಂದ ಅಜ್ಜಿ ಮೊಮ್ಮಗುವಿನ ಹೆಸರನ್ನು ಉಚ್ಚರಿಸಲಾರದೆ 'ಕೂಸೇ' ಎಂದು ಕರೆಯುತ್ತಾಳೆ. ಮಗು ಬೆಳೆದು ಅಜ್ಜಿಗೆ ಉತ್ತರ ಕೊಡಲಾರದೆ ನಗುತ್ತದೆ. ಮೂರು ಪೀಳಿಗೆಗಳ ನಡುವಿನ ಮಾತು ಆ ನಗೆಯಲ್ಲಿ ಮುಗಿಯುತ್ತದೆ.

ದೂರುವುದನ್ನು ಇಲ್ಲಿಗೆ ನಿಲ್ಲಿಸಿ, ಸಂಘಗಳ ಹೊಣೆಯನ್ನು ಹೇಳಬೇಕು. ಉರ್ದು ಆಡಳಿತ ಭಾಷೆಯಾಗಿದ್ದ, 1918ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವೂ ಉರ್ದುವಿನಲ್ಲಿಯೇ ಬೋಧಿಸುತ್ತಿದ್ದ ನಗರದಲ್ಲಿ ಕನ್ನಡಕ್ಕೆ ನೆಲೆ ಕೊಟ್ಟ ಹಿರಿಯರ ವಾರಸುದಾರರು ನಾವು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಅಂಥವರ ದುಡಿಮೆಯ ಫಲ. ಅವರು ಕಟ್ಟಡ ಕಟ್ಟಿಕೊಟ್ಟರು. ಆ ಕಟ್ಟಡಕ್ಕೆ ಬರುವ ಮಕ್ಕಳನ್ನು ಸಿದ್ಧಪಡಿಸುವುದು ನಮ್ಮ ಕೆಲಸ. ಪ್ರತಿಯೊಂದು ಸಂಘವೂ ಸದಸ್ಯರ ಮನೆತನಗಳ ಮೂರು ತಲೆಮಾರಿನ ಹೆಸರುಗಳನ್ನೂ ಊರುಗಳನ್ನೂ ಒಂದು ಹೊತ್ತಗೆಯಲ್ಲಿ ಬರೆದಿಡಲಿ. ಹೆಸರು ಹುಡುಕುವ ದಂಪತಿಗಳು ಮೊಬೈಲಿಗೆ ಮೊದಲು ಅದನ್ನು ನೋಡಲಿ. ಸಂಘದ ಮಹಿಳಾ ಶಾಖೆಯಲ್ಲಿ ಜೋಗುಳ ಬಲ್ಲ ಹಿರಿಯ ತಾಯಂದಿರು ಇನ್ನೂ ಇದ್ದಾರೆ. ಅವರನ್ನು ರಾಜ್ಯೋತ್ಸವದ ದಿನ ವೇದಿಕೆಗೆ ಕರೆದು ಶಾಲು ಹೊದಿಸಿ ಕಳುಹಿಸುವ ಬದಲು ಬಾಣಂತಿಯರ ಮನೆಗೆ ಕರೆದೊಯ್ಯೋಣ, ಎರಡು ಹಾಡು ಕಲಿಸಲಿ. ಸದಸ್ಯರ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಸಂಘದಿಂದ ಒಂದು ಕೌದಿ ಹೋಗಲಿ. ಇದಕ್ಕೆಲ್ಲ ಬೆಂಗಳೂರಿಗೆ ನಿಯೋಗ ಬೇಕಿಲ್ಲ, ಮಂತ್ರಿಗಳ ಭೇಟಿ ಬೇಕಿಲ್ಲ.

ಇದೇ ತ್ರೈಮಾಸಿಕವನ್ನು ಓದುತ್ತಿರುವ, ಈ ಕೆಲವು ತಿಂಗಳುಗಳಲ್ಲಿ ಅಜ್ಜ ಅಜ್ಜಿಯರಾಗಲಿರುವ ನನ್ನ ಸಮವಯಸ್ಕರಿಗೆ ಕೊನೆಯ ಮಾತು. ಮಕ್ಕಳ ನಿರ್ಧಾರದಲ್ಲಿ ತಲೆಹಾಕಬಾರದೆಂಬ ನಿಮ್ಮ ಸೌಜನ್ಯ ದೊಡ್ಡದು. ಆದರೆ ನಿಮ್ಮ ತಾಯಿಯ ಹೆಸರೇನಿತ್ತು, ಆ ಹೆಸರು ಯಾಕೆ ಬಂತು, ನಿಮ್ಮ ಹೆಸರಿನ ಮೊದಲ ಅಕ್ಷರ ಯಾವ ಊರಿನದು ಎಂಬುದನ್ನು ಮಗಳಿಗೂ ಅಳಿಯನಿಗೂ ಕೂಡಿಸಿ ಹೇಳುವುದು ತಲೆಹಾಕಿದಂತಲ್ಲ. ಹೇಳಿ. ಅದನ್ನು ಕೇಳಿಯೂ ಅವರು ಬೇರೆ ಹೆಸರನ್ನೇ ಆರಿಸಿದರೆ ಆರಿಸಲಿ. ಕೇಳಿ ಆರಿಸುವುದಕ್ಕೂ ಕೇಳದೆ ಆರಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ನೀವು ಹೇಳದೆ ಹೋದರೆ ಅವರಿಗೆ ಹೇಳುವವರು ಇನ್ನಾರೂ ಇಲ್ಲ.